ಸಾಲಿನೊಳಗಿನ ಹೊಂದಾಣಿಕೆ: ಅಮೆರಿಕದ ಕಾಲೇಜು ಐಸ್ ಹಾಕಿಯಲ್ಲಿ ಆಟಗಾರರ ವರ್ಗಾವಣೆ

ಅಮೆರಿಕದ ಪುರುಷರ ಕಾಲೇಜು ಐಸ್ ಹಾಕಿಯಲ್ಲಿ ಒಂದು ವಿಶ್ವವಿದ್ಯಾಲಯ ಬಿಟ್ಟು ಇನ್ನೊಂದನ್ನು ಸೇರಿದವನು 2021ರವರೆಗೆ ಸಾಮಾನ್ಯವಾಗಿ ಒಂದು ವರ್ಷ ಪಂದ್ಯವಾಡದೆ ಕೂರಬೇಕಿತ್ತು. ಅಭ್ಯಾಸಕ್ಕೆ ಮಾತ್ರ ಅಡ್ಡಿಯಿರಲಿಲ್ಲ. ದಂಡನೆಯೆಂದು ಟೀಕೆಗೊಳಗಾದ ಆ ನಿಯಮ ಹೊಸಬನಿಗೆ ತಂಡದೊಡನೆ ಪಳಗಲು ಒಂದು ವರ್ಷವನ್ನೂ ಒದಗಿಸುತ್ತಿತ್ತು. 2018ರ ಅಕ್ಟೋಬರ್‌ನಲ್ಲಿ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ, ತಂಡ ಬದಲಿಸಬಯಸುವವರ ಹೆಸರು ದಾಖಲಿಸುವ ವರ್ಗಾವಣೆ ಪೋರ್ಟಲ್ ತೆರೆಯಿತು. 2021ರಲ್ಲಿ ಮೊದಲ ವರ್ಗಾವಣೆಗೆ ಆ ಕಾಯುವಿಕೆ ತಪ್ಪಿತು. 2024ರಿಂದ ಓದಿನ ಅರ್ಹತೆ ಇದ್ದವರು ಎಷ್ಟು ಸಲ ಬೇಕಾದರೂ ತಂಡ ಬದಲಿಸಬಹುದು.

ಇದರಿಂದ ತಂಡದ ಹೊಂದಾಣಿಕೆ ಕೆಟ್ಟಿತೇ? ಪ್ರಶ್ನೆಯೇ ತುಸು ಒರಟು. ಐಸ್ ಮೇಲೆ ಇಡೀ ತಂಡ ಒಟ್ಟಿಗೆ ಇಳಿಯುವುದಿಲ್ಲ. ಮೂವರು ಫಾರ್ವರ್ಡ್‌ಗಳ ಒಂದು ಸಾಲು, ಇಬ್ಬರು ರಕ್ಷಕರ ಒಂದು ಜೋಡಿ, ಸುಮಾರು ಮುಕ್ಕಾಲು ನಿಮಿಷದ ಸರದಿ. ಹೊಂದಾಣಿಕೆ ಹುಟ್ಟುವುದೂ ಮುರಿಯುವುದೂ ಇಲ್ಲಿ. ಬಂದವರೆಷ್ಟು ಎನ್ನುವುದಕ್ಕಿಂತ ಯಾರ ಪಕ್ಕಕ್ಕೆ ಬಂದರು ಎಂಬುದು ಮುಖ್ಯ.

2023ರ ಏಪ್ರಿಲ್ 8ರಂದು ಟ್ಯಾಂಪಾದಲ್ಲಿ ನಡೆದ ರಾಷ್ಟ್ರೀಯ ಕಾಲೇಜು ಚಾಂಪಿಯನ್‌ಶಿಪ್ ಫೈನಲ್ ನೋಡಿ. ಮಿನೆಸೋಟ 2-0 ಮುಂದಿತ್ತು. ಕ್ವಿನ್ನಿಪಿಯಾಕ್ ಒಂದು ಗೋಲು ತೀರಿಸಿ, ಕೊನೆಯ ನಿಮಿಷಗಳಲ್ಲಿ ಗೋಲಿಯನ್ನು ಹಿಂದಕ್ಕೆ ಕರೆಸಿ ಆರನೆಯ ದಾಳಿಗಾರನನ್ನು ಇಳಿಸಿತು. ಸಮಬಲದ ಗೋಲು ಹೊಡೆದವನು ಕಾಲಿನ್ ಗ್ರಾಫ್. ಹಿಂದಿನ ಋತುವಿನಲ್ಲಿ ಯೂನಿಯನ್ ಕಾಲೇಜಿನ ಆಟಗಾರ. ಹೆಚ್ಚುವರಿ ಅವಧಿಯ ಹತ್ತನೆಯ ಸೆಕೆಂಡಿನಲ್ಲೇ ಜೇಕಬ್ ಕ್ವಿಲ್ಲನ್ ಪಂದ್ಯ ಮುಗಿಸಿದ. ಆ ಗೋಲಿಗೆ ನೆರವಾದವರಲ್ಲಿ ಝ್ಯಾಕ್ ಮೆಟ್ಸಾ ಕ್ವಿನ್ನಿಪಿಯಾಕ್‌ನಲ್ಲೇ ಐದು ವರ್ಷ ಆಡಿದ ನಾಯಕ, ಸ್ಯಾಮ್ ಲಿಪ್ಕಿನ್ ಮೊದಲ ವರ್ಷದ ಹುಡುಗ. ‘ಹೊರಗಿನವ ಸಮ ಮಾಡಿದ, ಮನೆಯವರು ಗೆಲ್ಲಿಸಿದರು’ ಎಂದು ಬರೆದುಬಿಡುವ ಆಸೆಯಾಗುತ್ತದೆ. ಆದರೆ ಲಿಪ್ಕಿನ್ ಕೂಡ ಆ ತಂಡಕ್ಕೆ ಗ್ರಾಫ್‌ನಷ್ಟೇ ಹೊಸಬ. ಪ್ರತಿ ವರ್ಷ ಹಿರಿಯರನ್ನು ಕಳಿಸಿ ಕಿರಿಯರನ್ನು ಸೇರಿಸಿಕೊಳ್ಳುವ ಕಾಲೇಜು ತಂಡಕ್ಕೆ ಅಪರಿಚಿತತೆ ಪೋರ್ಟಲ್ ತಂದ ರೋಗವೇನಲ್ಲ. ಮೇಲಾಗಿ ಯೂನಿಯನ್, ಕ್ವಿನ್ನಿಪಿಯಾಕ್ ಎರಡೂ ಇಸಿಎಸಿ ಲೀಗಿನವು. ಗ್ರಾಫ್‌ಗೆ ಲೀಗಿನ ಎದುರಾಳಿಗಳು ಹಳಬರು.

ಜೊತೆಯಾಟದ ಬೆಲೆಯನ್ನು ಅಲ್ಲಗಳೆಯುವಂತಿಲ್ಲ. ಐಪಿಎಲ್ ಕ್ರಿಕೆಟ್ಟನ್ನೂ ಒಳಗೊಂಡು ಸತ್ಯಂ ಮುಖರ್ಜಿ ಮತ್ತು ಸಹಲೇಖಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಟಗಾರರ ಕೌಶಲದ ಜೊತೆಗೆ ಅವರು ಹಿಂದೆ ಒಟ್ಟಾಗಿ ಗೆದ್ದ ಅನುಭವವೂ ಗೆಲುವಿನ ಸೂಚಕ. ಆದರೆ ಅದೂ ತಪ್ಪದ ಭರವಸೆಯಲ್ಲ. ಅಮೆರಿಕದ ರಾಷ್ಟ್ರೀಯ ಅಭಿವೃದ್ಧಿ ತಂಡದಲ್ಲಿ ಒಟ್ಟಿಗೆ ಆಡಿದ್ದ ವಿಲ್ ಸ್ಮಿತ್, ರಯನ್ ಲೆನಾರ್ಡ್, ಗೇಬ್ ಪೆರೊ ಬಾಸ್ಟನ್ ಕಾಲೇಜಿಗೆ ಒಟ್ಟಿಗೇ ಬಂದರು. 2024ರ ಫೈನಲ್‌ನಲ್ಲಿ ಡೆನ್ವರ್ ಎದುರು ಅವರ ತಂಡಕ್ಕೆ ಒಂದು ಗೋಲೂ ದಕ್ಕಲಿಲ್ಲ.

ಆದ್ದರಿಂದ ಅಳೆಯಬೇಕಾದದ್ದು ವರ್ಗಾವಣೆಗಳ ಸಂಖ್ಯೆಯನ್ನಲ್ಲ, ಪ್ರತಿ ಸಾಲು ಒಟ್ಟಿಗೆ ಕಳೆದ ನಿಮಿಷಗಳನ್ನು; ಅದೂ ಎರಡೂ ಕಡೆ. ಗ್ರಾಫ್‌ನನ್ನು ಪಡೆದ ಸಾಲನ್ನು ಎಲ್ಲರೂ ನೋಡುತ್ತಾರೆ. ಯೂನಿಯನ್‌ನಲ್ಲಿ ಅವನನ್ನು ಕಳೆದುಕೊಂಡ ಸಾಲಿನಲ್ಲಿ ಉಳಿದವರ ಆಟ ಏನಾಯಿತು ಎಂಬುದೂ ಇದೇ ಲೆಕ್ಕಕ್ಕೆ ಸೇರಬೇಕು.