ಠಾಣೆಯಲ್ಲಿ ಒಪ್ಪಿಕೊಂಡ ತಪ್ಪು

ಆರೋಪಿಯೊಬ್ಬ ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಮುಂದೆ ‘ನಾನೇ ಕೊಂದೆ’ ಎಂದು ಹತ್ತು ಸಲ ಹೇಳಿದರೂ ಆ ಮಾತು ಕೋರ್ಟಿನಲ್ಲಿ ಅವನ ವಿರುದ್ಧ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ಪೊಲೀಸರನ್ನು ನೇಮಿಸಿದ ಸರ್ಕಾರವೇ ಅವರ ಕಿವಿಯನ್ನು ನಂಬದ ಈ ಕಾನೂನಿನ ಒಂದು ದಪ್ಪ ಬೇರು ಹಳೆಯ ಮದ್ರಾಸ್ ಪ್ರಾಂತ್ಯದಲ್ಲಿದೆ.

1854ರ ಜುಲೈನಲ್ಲಿ ಬ್ರಿಟನ್ನಿನ ಕಾಮನ್ಸ್ ಸಭೆಯಲ್ಲಿ ಒಂದು ದೂರು ಎದ್ದಿತು: ಮದ್ರಾಸಿನ ರೈತರಿಂದ ಕಂದಾಯ ವಸೂಲಿ ಮಾಡಲು ಚಿತ್ರಹಿಂಸೆ ಕೊಡುತ್ತಾರೆ. ಆಳುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಯ ಕಡೆಯವರು ಅಲ್ಲಗಳೆದರು. ಆದರೂ ಎಲಿಯಟ್, ಸ್ಟೋಕ್ಸ್, ಜಾನ್ ಬ್ರೂಸ್ ನಾರ್ಟನ್ ಎಂಬ ಮೂವರ ಆಯೋಗ ಕೂತಿತು. ಬಳ್ಳಾರಿಯೂ ಇನ್ನೂ ಎರಡಾಗಿರದ ಕೆನರಾ ಜಿಲ್ಲೆಯೂ ಆಗ ಮದ್ರಾಸಿಗೇ ಸೇರಿದ್ದವು. ನೂರಾರು ಮೈಲಿ ನಡೆದು ಬಂದು ಅಹವಾಲು ಹೇಳಿಕೊಂಡವರಿದ್ದರು.

1855ರ ಏಪ್ರಿಲ್‌ನಲ್ಲಿ ಹೊರಬಂದ ವರದಿ ಓದಲು ಗಟ್ಟಿ ಮನಸ್ಸು ಬೇಕು. ಬೆರಳುಗಳನ್ನು ಮರದ ತುಂಡುಗಳ ನಡುವೆ ಸಿಕ್ಕಿಸಿ ಅಮುಕುವ ‘ಕಿಟ್ಟಿ’, ಕುತ್ತಿಗೆಗೂ ಕಾಲಿಗೂ ಹಗ್ಗ ಬಿಗಿದು ಬಿಸಿಲಲ್ಲಿ ಬಾಗಿಸಿ ನಿಲ್ಲಿಸುವುದು, ಮೆಣಸಿನ ಪುಡಿ. ಇದೆಲ್ಲ ನಡೆಯಲು ಒಂದು ವ್ಯವಸ್ಥೆಯೂ ಇತ್ತು. 1816ರಿಂದ ತಹಶೀಲ್ದಾರನೇ ಪೊಲೀಸ್ ಮುಖ್ಯಸ್ಥ. ಕಂದಾಯ ಬಾಕಿಗೆ ಹಿಡಿಯುವವರೂ ಕಳ್ಳತನ ಒಪ್ಪಿಸುವವರೂ ಅದೇ ಪೇದೆಗಳು. ಹೊಡೆಸಿಕೊಂಡವನು ದೂರು ಕೊಡಬೇಕಾದದ್ದೂ ಅದೇ ಕಚೇರಿಗೆ!

ಆಯೋಗ ಐರೋಪ್ಯ ಅಧಿಕಾರಿಗಳನ್ನು ಬಿಟ್ಟು ಪಾಪವನ್ನೆಲ್ಲ ದೇಶೀಯ ನೌಕರರ ತಲೆಗೆ ಕಟ್ಟಿತು. ವಸೂಲಿಯ ಒತ್ತಡ ಯಾವ ಮೇಜಿನಿಂದ ಇಳಿದು ಬರುತ್ತಿತ್ತು ಎಂದು ಕೆದಕಲು ಅದಕ್ಕೆ ಮನಸ್ಸಾಗಲಿಲ್ಲ.

ಆದರೂ ಪರಿಣಾಮ ಸಣ್ಣದಲ್ಲ. 1859ರಲ್ಲಿ ಮದ್ರಾಸಿನ ಪೊಲೀಸು ಕಂದಾಯದಿಂದ ಬೇರೆಯಾಯಿತು. 1861ರ ದಂಡ ಪ್ರಕ್ರಿಯಾ ಸಂಹಿತೆ ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯದಿಂದ ಹೊರಗಿಟ್ಟಿತು. 1872ರಲ್ಲಿ ವೈಸರಾಯ್ ಮಂಡಳಿಯ ಕಾನೂನು ಸದಸ್ಯ ಸ್ಟೀಫನ್ ರೂಪಿಸಿದ ಸಾಕ್ಷ್ಯ ಕಾಯ್ದೆಯಲ್ಲಿ ಅದು 25ನೇ ಕಲಮಾಯಿತು.

ಅದೇ ಕಾಯ್ದೆಯ 27ನೇ ಕಲಮು ಒಂದು ಕಿಂಡಿ ಬಿಟ್ಟಿತು: ಆರೋಪಿ ಹೇಳಿದ ಮಾತಿನಿಂದ ವಸ್ತುವೊಂದು ಪತ್ತೆಯಾದರೆ, ಅಷ್ಟು ಮಾತನ್ನು ಒಪ್ಪಬಹುದು. ಕರ್ನಾಟಕದ ಕೊಲೆ ಮೊಕದ್ದಮೆಗಳ ಕಡತಗಳಲ್ಲಿ ‘ಸ್ವಇಚ್ಛಾ ಹೇಳಿಕೆ’ ಎಂಬ ಹಾಳೆ ಸಾಮಾನ್ಯ. ಕರೆದುಕೊಂಡು ಹೋದರೆ ಮಚ್ಚನ್ನು ತೋರಿಸುತ್ತೇನೆಂಬ ಧಾಟಿ ಅದರದು. ಬೆನ್ನಿಗೇ ಪಂಚರ ಸಹಿಯ ಮಹಜರು. ‘ಸ್ವಇಚ್ಛೆ’ ಎಷ್ಟು, ಪಂಚರು ನಿಜಕ್ಕೂ ಸ್ಥಳಕ್ಕೆ ಹೋಗಿದ್ದರೇ ಎಂಬುದರ ಮೇಲೇ ವಕೀಲರ ಪಾಟೀಸವಾಲು. ಪಂಚರೇ ‘ಠಾಣೆಯಲ್ಲಿ ಸಹಿ ಹಾಕಿದೆ’ ಎಂದು ತಿರುಗಿಬೀಳುವುದೂ ಉಂಟು. ಆಂಧ್ರ ಕಡೆಯ ಪುಲುಕುರಿ ಕೋಟಯ್ಯ ಪ್ರಕರಣದಲ್ಲಿ, ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಪೀಠವಾದ ಪ್ರಿವಿ ಕೌನ್ಸಿಲ್ ಈ ಕಿಂಡಿಯನ್ನು ಕಿರಿದಾಗಿಸಿತು: ಬಚ್ಚಿಟ್ಟ ಚಾಕು ತೋರಿಸಿದ್ದು ಒಪ್ಪಿಗೆ, ‘ಅದರಿಂದಲೇ ಇರಿದೆ’ ಎಂಬ ಬಾಲ ಬೇಡ.

2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿದೆ. ಹಳೆಯ 25, 26, 27 ಮೂರೂ ಈಗ 23ನೇ ಕಲಮಿನೊಳಗೆ ಸೇರಿವೆ, ಕಿಂಡಿಯ ಸಮೇತ.