ಸ್ಕಿಬರೀನ್: ಐಲನ್ ದಂಡೆಯ ಒಲಿಂಪಿಕ್ ಊರು

ಸ್ಕಿಬರೀನ್ ಐರ್ಲೆಂಡಿನ ನೈಋತ್ಯ ಮೂಲೆಯ ಒಂದು ಸಣ್ಣ ಪೇಟೆ. ಕಾರ್ಕ್ ಕೌಂಟಿಯ ಪಶ್ಚಿಮ ಭಾಗದಲ್ಲಿ, ಕಾರ್ಕ್ ನಗರದಿಂದ ಸುಮಾರು 80 ಕಿ.ಮೀ. ದೂರದಲ್ಲಿದೆ. ಜನಸಂಖ್ಯೆ ಮೂರು ಸಾವಿರದೊಳಗೆ. ಹೊರಜಗತ್ತು ಈ ಊರನ್ನು ಎರಡು ಕಾರಣಗಳಿಂದ ಅರಿತಿದೆ: ಒಂದು, 1840ರ ದಶಕದ ಮಹಾಕ್ಷಾಮ, ಇನ್ನೊಂದು, ಇಲ್ಲಿನ ರೋಯಿಂಗ್ ಕ್ಲಬ್. 2016ರ ರಿಯೊ, 2021ರಲ್ಲಿ ನಡೆದ ಟೋಕಿಯೊ ಮತ್ತು 2024ರ ಪ್ಯಾರಿಸ್ ಈ ಮೂರೂ ಒಲಿಂಪಿಕ್ಸ್‌ಗಳಲ್ಲಿ ಇಲ್ಲಿನ ಹುಟ್ಟುಗಾರರು ಪದಕ ಗೆದ್ದಿದ್ದಾರೆ.

ಊರಿನ ನಡುವೆ ಐಲನ್ ನದಿ ಹರಿಯುತ್ತದೆ. ಉತ್ತರದ ಬೆಟ್ಟಗಳಿಂದ ಇಳಿದು ಬರುವ ಈ ನದಿ ಊರು ದಾಟುತ್ತಲೇ ಅಗಲವಾಗುತ್ತ, ಬಾಲ್ಟಿಮೋರ್ ಎಂಬ ಮೀನುಗಾರರ ಹಳ್ಳಿಯ ಬಳಿ ಅಟ್ಲಾಂಟಿಕ್ ಸಾಗರ ಸೇರುತ್ತದೆ. ಪೇಟೆಯಿಂದ ಕೆಳಗಿನ ಭಾಗಕ್ಕೆ ಸಮುದ್ರದ ಉಬ್ಬರವಿಳಿತ ತಟ್ಟುತ್ತದೆ. ಸುತ್ತಲಿನದು ಬೇಲಿಸಾಲುಗಳಿಂದ ಹಂಚಿಹೋದ ಹುಲ್ಲುಗಾವಲಿನ ಸೀಮೆ. ಹೈನುಗಾರಿಕೆ ಮುಖ್ಯ ಕಸುಬು. ಕರಾವಳಿಯ ಹಳ್ಳಿಗಳಲ್ಲಿ ಮೀನುಗಾರಿಕೆಯೂ, ಅದರ ಜೊತೆಗೆ ಬೇಸಿಗೆಯ ದೋಣಿಪಂದ್ಯಗಳೂ ಹಿಂದಿನಿಂದ ನಡೆದುಬಂದಿವೆ.

ಊರು ಬೆಳೆದ ಕಥೆಗೆ ಕಡಲ್ಗಳ್ಳರ ದಾಳಿಯೊಂದು ಹೊಂದಿಕೊಂಡಿದೆ. 1631ರ ಜೂನ್‌ನಲ್ಲಿ ಉತ್ತರ ಆಫ್ರಿಕದ ಕಡಲ್ಗಳ್ಳರು ಬಾಲ್ಟಿಮೋರ್ ಮೇಲೆ ಬಿದ್ದು ನೂರಕ್ಕೂ ಹೆಚ್ಚು ಜನರನ್ನು ಸೆರೆಹಿಡಿದು ಅಲ್ಜಿಯರ್ಸ್‌ಗೆ ಒಯ್ದರು. ಉಳಿದವರಲ್ಲಿ ಹಲವರು ಕಡಲಂಚಿನ ವಾಸಕ್ಕೆ ಹೆದರಿ ಒಳನಾಡಿನ ಸ್ಕಿಬರೀನ್‌ಗೆ ಬಂದು ನೆಲೆಸಿದರು. ಮುಂದಿನ ಎರಡು ಶತಮಾನಗಳಲ್ಲಿ ಇದು ಸುತ್ತಲಿನ ಹಳ್ಳಿಗಳಿಗೆ ಸಂತೆಯ ಊರಾಯಿತು. ದವಸ, ಬೆಣ್ಣೆ, ದನಕರು, ನಾರುಬಟ್ಟೆಗಳ ವ್ಯಾಪಾರ ಇಲ್ಲಿ ನಡೆಯುತ್ತಿತ್ತು. ಭೂಮಿ ಮಾತ್ರ ಕೆಲವೇ ಜಮೀನ್ದಾರರ ಕೈಯಲ್ಲಿತ್ತು. ಗೇಣಿದಾರರೂ ಕೂಲಿಗಳೂ ಅಂಗೈಯಗಲದ ತುಂಡುನೆಲದಲ್ಲಿ ಆಲೂಗಡ್ಡೆ ಬೆಳೆದು ಅದನ್ನೇ ಮೂರು ಹೊತ್ತೂ ತಿಂದು ಬದುಕುತ್ತಿದ್ದರು.

1845ರಲ್ಲಿ ಆಲೂಗಡ್ಡೆಗೆ ಅಂಗಮಾರಿ ಬಿತ್ತು. ಹಾಸನದ ಬೆಳೆಗಾರರನ್ನು ಇಂದಿಗೂ ಕಾಡುವ ರೋಗ ಇದೇ. ಮರುವರ್ಷ ಬೆಳೆ ಬಹುಪಾಲು ಪೂರ್ತಿ ಕೈಕೊಟ್ಟಿತು. ದವಸ ಬೆಳೆದಿರಲಿಲ್ಲ ಎಂದಲ್ಲ. ಬೆಳೆದದ್ದನ್ನು ಕೊಳ್ಳಲು ಬಡವರ ಕೈಯಲ್ಲಿ ಕಾಸಿರಲಿಲ್ಲ, ದೇಶದಿಂದ ದವಸದ ರಫ್ತು ನಿಲ್ಲಲೂ ಇಲ್ಲ. ಬಡವರನ್ನು ದುಡಿಸಿಕೊಂಡು ಆಶ್ರಯ ಕೊಡುವ ವರ್ಕ್‌ಹೌಸ್ ಎಂಬ ಸರ್ಕಾರಿ ವ್ಯವಸ್ಥೆ ಸ್ಕಿಬರೀನ್‌ನಲ್ಲಿ 1842ರಲ್ಲಿ ತೆರೆದಿತ್ತು. 800 ಜನರಿಗೆಂದು ಕಟ್ಟಿದ ಆ ಕಟ್ಟಡದೊಳಗೆ ಕ್ಷಾಮದ ದಿನಗಳಲ್ಲಿ ಅದರ ಎಷ್ಟೋ ಪಟ್ಟು ಜನ ತುಂಬಿಕೊಂಡರು. ಹಸಿವಿಗಿಂತ ಹೆಚ್ಚಾಗಿ ಜ್ವರ, ಭೇದಿಗಳು ಜನರನ್ನು ಕೊಂದವು. ಊರಿನ ಸ್ಟೀಮ್ ಮಿಲ್‌ನಲ್ಲಿ ಗಂಜಿಕೇಂದ್ರ ನಡೆಯಿತು. ಸ್ಥಳೀಯ ವೈದ್ಯ ಡೇನಿಯಲ್ ಡಾನೊವನ್ ತಾವು ಕಂಡದ್ದನ್ನು ಪತ್ರಿಕೆಗೆ ಬರೆಯುತ್ತಲೇ ಇದ್ದರು.

ಸ್ಕಿಬರೀನ್ ಇಡೀ ಕ್ಷಾಮಕ್ಕೆ ಸಂಕೇತವಾದದ್ದು ಇಂಥ ಬರಹಗಳಿಂದಲೇ. ಕಾರ್ಕ್‌ನ ಮ್ಯಾಜಿಸ್ಟ್ರೇಟ್ ಎನ್. ಎಂ. ಕಮಿನ್ಸ್ ಸುತ್ತಲಿನ ಹಳ್ಳಿಗಳ ಸ್ಥಿತಿಯನ್ನು ಕಣ್ಣಾರೆ ನೋಡಿ ಡ್ಯೂಕ್ ಆಫ್ ವೆಲಿಂಗ್ಟನ್‌ಗೆ ಬರೆದ ಪತ್ರ 1846ರ ಡಿಸೆಂಬರ್ 24ರಂದು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಅಚ್ಚಾಯಿತು. 1847ರ ಫೆಬ್ರುವರಿಯಲ್ಲಿ ಕಲಾವಿದ ಜೇಮ್ಸ್ ಮಹೋನಿ ಇಲ್ಲಿಂದ ಬರೆದು ಕಳಿಸಿದ ರೇಖಾಚಿತ್ರಗಳು ಇಲಸ್ಟ್ರೇಟೆಡ್ ಲಂಡನ್ ನ್ಯೂಸ್‌ನಲ್ಲಿ ಬಂದವು. ಪೇಟೆಯ ಪಶ್ಚಿಮಕ್ಕೆ, ಐಲನ್ ದಂಡೆಯಲ್ಲೇ ಇರುವ ಆ್ಯಬಿಸ್ಟ್ರೂರಿ ಸ್ಮಶಾನದ ಸಾಮೂಹಿಕ ಗುಂಡಿಗಳಲ್ಲಿ 8,000ದಿಂದ 10,000 ಜನರನ್ನು ಹೂಳಲಾಗಿದೆ ಎಂಬುದು ಅಂದಾಜು. ಶವಪೆಟ್ಟಿಗೆಗಳು ಸಾಲದೆ, ಅಡಿಹಲಗೆ ಕಳಚಿಕೊಳ್ಳುವ ಒಂದೇ ಪೆಟ್ಟಿಗೆಯನ್ನು ಮತ್ತೆ ಮತ್ತೆ ಬಳಸಬೇಕಾಯಿತು. ಸಾವು ಮತ್ತು ವಲಸೆಯಿಂದ ಸ್ಕಿಬರೀನ್ ಸೀಮೆ ಹತ್ತು ವರ್ಷದೊಳಗೆ ತನ್ನ ಜನರಲ್ಲಿ ಮೂರನೆಯ ಒಂದು ಪಾಲನ್ನು ಕಳೆದುಕೊಂಡಿತು. ಊರಿನ ಹಳೆಯ ಗ್ಯಾಸ್‌ವರ್ಕ್ಸ್ ಕಟ್ಟಡದಲ್ಲಿರುವ ಪರಂಪರೆ ಕೇಂದ್ರವು ಈ ಚರಿತ್ರೆಯನ್ನು ಪ್ರದರ್ಶನವಾಗಿ ಉಳಿಸಿಕೊಂಡಿದೆ.

ಕ್ಷಾಮ ಕಂಡ ತಲೆಮಾರು ರಾಜಕೀಯಕ್ಕೆ ಇಳಿಯಿತು. ಹತ್ತಿರದ ರಾಸ್‌ಕಾರ್ಬರಿಯಲ್ಲಿ ಹುಟ್ಟಿ ಇಲ್ಲಿ ಅಂಗಡಿ ಇಟ್ಟಿದ್ದ ಜೆರೆಮಾಯ ಒ'ಡಾನೊವನ್ ರೋಸಾ 1856ರಲ್ಲಿ ಫೀನಿಕ್ಸ್ ಎಂಬ ಸಂಘ ಕಟ್ಟಿದರು. ಹೆಸರಿಗೆ ಅದು ಸಾಹಿತ್ಯ ಸಂಘ, ಗುರಿ ಬ್ರಿಟಿಷ್ ಆಳ್ವಿಕೆಯಿಂದ ಬಿಡುಗಡೆ. ಎರಡು ವರ್ಷದಲ್ಲಿ ಅದು ಐರಿಷ್ ರಿಪಬ್ಲಿಕನ್ ಬ್ರದರ್‌ಹುಡ್‌ನೊಳಗೆ ಸೇರಿತು. ಊರಿನ ಚೌಕದಲ್ಲಿರುವ 'ಮೇಡ್ ಆಫ್ ಎರಿನ್' ಪ್ರತಿಮೆ 1904ರದು, ಐರ್ಲೆಂಡಿನ ದಂಗೆಗಳ ನೆನಪಿಗಾಗಿ ನಿಲ್ಲಿಸಿದ್ದು. ಇದೇ ಊರಿನ ಸ್ಕಿಬರೀನ್ ಈಗಲ್ ಪತ್ರಿಕೆ 1898ರಲ್ಲಿ ರಷ್ಯದ ಝಾರ್ ದೊರೆಯ ಮೇಲೆ ತಾನು ಕಣ್ಣಿಟ್ಟಿರುವುದಾಗಿ ಸಂಪಾದಕೀಯ ಬರೆದು ನಗೆಪಾಟಲಾಯಿತು, ಆ ನಗೆಯಿಂದಲೇ ಹೆಸರುವಾಸಿಯೂ ಆಯಿತು. 1889ರಲ್ಲಿ ಹುಟ್ಟಿದ ಸದರ್ನ್ ಸ್ಟಾರ್ ಪತ್ರಿಕೆ ಮುಂದೆ ಈಗಲ್ ಅನ್ನು ಕೊಂಡುಕೊಂಡಿತು. ಅದು ಇಂದಿಗೂ ಸ್ಕಿಬರೀನ್‌ನಿಂದಲೇ ಹೊರಡುತ್ತದೆ. 1877ರಲ್ಲಿ ಬಂದ ರೈಲು 1961ರಲ್ಲಿ ನಿಂತುಹೋಯಿತು. ಆಟದಲ್ಲಿ ಊರಿಗೆ ಬಹುಕಾಲ ದೊಡ್ಡ ಹೆಸರೆಂದರೆ ಗೇಲಿಕ್ ಫುಟ್‌ಬಾಲಿನದು. ರೋಸಾರ ಹೆಸರನ್ನೇ ಹೊತ್ತ ಇಲ್ಲಿನ ಕ್ಲಬ್ 1993ರಲ್ಲಿ ಅಖಿಲ ಐರ್ಲೆಂಡ್ ಕ್ಲಬ್ ಪ್ರಶಸ್ತಿ ಗೆದ್ದಿತು.

ರೋಯಿಂಗ್ ಐರ್ಲೆಂಡಿಗೆ ಹೊಸದಲ್ಲ. ಆದರೆ 19ನೆಯ ಶತಮಾನದಿಂದ ಅದು ಡಬ್ಲಿನ್, ಬೆಲ್‌ಫಾಸ್ಟ್, ಕಾರ್ಕ್‌ಗಳ ವಿಶ್ವವಿದ್ಯಾಲಯಗಳೂ ನಗರದ ಕ್ಲಬ್ಬುಗಳೂ ನಡೆಸಿಕೊಂಡು ಬಂದ ಆಟ. ಸ್ಪರ್ಧೆಯ ದೋಣಿ ಉದ್ದವಾಗಿ, ಕಿರಿದಾಗಿ, ಹಗುರವಾಗಿರುತ್ತದೆ, ಬೆಲೆಯೂ ಹೆಚ್ಚು. ಇಂಥ ಆಟಕ್ಕೆ ಹೈನುಗಾರರ, ಅಂಗಡಿಯವರ ಒಂದು ಪೇಟೆಯಲ್ಲಿ ನೆಲೆ ಸಿಗುವುದು ಸುಲಭವಿರಲಿಲ್ಲ. ಸ್ಕಿಬರೀನ್ ರೋಯಿಂಗ್ ಕ್ಲಬ್ 1970ರಲ್ಲಿ ಶುರುವಾಯಿತು. ದೊಡ್ಡ ಧನಿಗಳು ಯಾರೂ ಬೆನ್ನಿಗಿರಲಿಲ್ಲ. ಊರವರೇ ಕೈಯಿಂದ ಹಾಕಿ, ಚಂದಾ ಎತ್ತಿ, ಬಿಡುವಿನ ವೇಳೆಯಲ್ಲಿ ದುಡಿದು ಅದನ್ನು ನಿಲ್ಲಿಸಿದರು. ಐವತ್ತು ವರ್ಷ ತುಂಬುವ ಮೊದಲೇ ಈ ಕ್ಲಬ್ ರಾಷ್ಟ್ರೀಯ ಪ್ರಶಸ್ತಿಗಳ ಲೆಕ್ಕದಲ್ಲಿ ದೇಶದ ಹಳೆಯ ಕ್ಲಬ್ಬುಗಳನ್ನೆಲ್ಲ ಹಿಂದೆ ಹಾಕಿ ಮೊದಲ ಸ್ಥಾನಕ್ಕೆ ಬಂತು.

ಆಟದ ಬಗೆಗಳನ್ನು ಇಲ್ಲಿ ತಿಳಿಯುವುದು ಒಳ್ಳೆಯದು. ಒಬ್ಬೊಬ್ಬರೂ ಎರಡೂ ಕೈಯಲ್ಲಿ ಒಂದೊಂದು ಹುಟ್ಟು ಹಿಡಿಯುವುದು ಸ್ಕಲ್ಲಿಂಗ್. ಒಬ್ಬರಿಗೆ ಒಂದೇ ಹುಟ್ಟು, ಅದನ್ನು ಎರಡೂ ಕೈಯಿಂದ ಎಳೆಯುವುದು ಸ್ವೀಪ್. ಒಲಿಂಪಿಕ್ ಓಟದ ದೂರ 2,000 ಮೀಟರ್. ಹುಟ್ಟುಗಾರರು ಗುರಿಗೆ ಬೆನ್ನು ಹಾಕಿ ಕೂರುತ್ತಾರೆ. ಲೈಟ್‌ವೇಟ್ ವಿಭಾಗದಲ್ಲಿ ಪುರುಷರ ತೂಕ 72.5 ಕೆ.ಜಿ. ಮೀರಬಾರದು, ದೋಣಿಯ ಸರಾಸರಿ 70 ಕೆ.ಜಿ. ದಾಟಬಾರದು. ಆಳೆತ್ತರ, ಮೈಕಟ್ಟು ದೊಡ್ಡದಿಲ್ಲದವರಿಗೂ ಅವಕಾಶ ಸಿಗಲೆಂದು ಮಾಡಿದ ವಿಭಾಗ ಇದು. ಸ್ಕಿಬರೀನ್ ಹೆಚ್ಚು ಹೆಸರು ಮಾಡಿದ್ದು ಇದರಲ್ಲೇ.

ಕ್ಲಬ್ಬಿನ ಏಳಿಗೆಯಲ್ಲಿ ತರಬೇತುದಾರ ಡಾಮಿನಿಕ್ ಕೇಸಿಯವರ ಪಾಲು ಹಿರಿದು. ಊರಿನವರೇ ಆದ ಅವರು ಇಲ್ಲೇ ಹುಟ್ಟು ಹಾಕಿ, ಆಮೇಲೆ ದಶಕಗಳ ಕಾಲ ಇಲ್ಲಿನ ಮಕ್ಕಳಿಗೆ ಕಲಿಸಿದರು. ಮುಂದೆ ಐರ್ಲೆಂಡಿನ ಲೈಟ್‌ವೇಟ್ ತಂಡದ ಹೊಣೆ ಅವರಿಗೆ ಬಂತು. ವಿಶ್ವ ರೋಯಿಂಗ್ ಸಂಸ್ಥೆ 2018ರಲ್ಲಿ ಅವರನ್ನು ವರ್ಷದ ಶ್ರೇಷ್ಠ ತರಬೇತುದಾರರೆಂದು ಗೌರವಿಸಿತು. ಶಾಲಾಮಕ್ಕಳಿಗೆ ಮೊದಲ ಬಾರಿ ಹುಟ್ಟು ಹಿಡಿಸಿದವರೇ ಅವರನ್ನು ಒಲಿಂಪಿಕ್ ಅಂತಿಮ ಸುತ್ತಿನವರೆಗೂ ಕರೆದೊಯ್ದದ್ದು ಈ ಊರಿನ ವಿಶೇಷ. ಪದಕಗಳು ಬರುವ ಮೊದಲೇ ಕ್ಲಬ್ಬಿಗೆ ಒಲಿಂಪಿಕ್ಸ್ ಪರಿಚಯವಾಗಿತ್ತು. ಇಲ್ಲಿನ ಯುಜೀನ್ ಕೋಕ್ಲಿ 2004ರ ಅಥೆನ್ಸ್‌ನಲ್ಲಿ, ಅವರ ಸೋದರ ರಿಚರ್ಡ್ 2008ರ ಬೀಜಿಂಗ್‌ನಲ್ಲಿ ಐರ್ಲೆಂಡಿನ ದೋಣಿಯಲ್ಲಿದ್ದರು. ಹಾಗಾಗಿ ಚಿಕ್ಕವರ ಪಾಲಿಗೆ ಒಲಿಂಪಿಕ್ಸ್ ಎಂದರೆ ತಮ್ಮದೇ ದೋಣಿಮನೆಯ ಅಣ್ಣಂದಿರು ಹೋಗಿಬಂದ ಜಾಗವಾಗಿತ್ತು.

ಊರಿಗೆ ಸಮೀಪದ ಲಿಶೀನ್ ಹಳ್ಳಿಯ ಗ್ಯಾರಿ ಮತ್ತು ಪಾಲ್ ಒ'ಡಾನೊವನ್ ಸೋದರರು ಅಂಥ ಚಿಕ್ಕವರಲ್ಲಿ ಇಬ್ಬರು. ಗ್ಯಾರಿ ಹುಟ್ಟಿದ್ದು 1992ರಲ್ಲಿ, ಪಾಲ್ 1994ರಲ್ಲಿ. ಇಬ್ಬರನ್ನೂ ಎಳೆಯ ವಯಸ್ಸಿನಲ್ಲೇ ಕ್ಲಬ್ಬಿಗೆ ಸೇರಿಸಿದವರು, ಮೊದಲ ವರ್ಷಗಳಲ್ಲಿ ತರಬೇತಿ ಕೊಟ್ಟವರು ಅವರ ತಂದೆ ಟೆಡ್ಡಿ. ಬಳಿಕ ಸೋದರರು ಕೇಸಿಯವರ ಕೈಗೆ ಬಂದರು. 2016ರ ಆಗಸ್ಟ್ 12ರಂದು ರಿಯೊದ ಸರೋವರದಲ್ಲಿ ನಡೆದ ಲೈಟ್‌ವೇಟ್ ಡಬಲ್ ಸ್ಕಲ್ಸ್ ಅಂತಿಮ ಓಟದಲ್ಲಿ ಫ್ರಾನ್ಸ್ ಮೊದಲು ಬಂತು. ಸುಮಾರು ಅರ್ಧ ಸೆಕೆಂಡಿನ ಅಂತರದಲ್ಲಿ ಐರ್ಲೆಂಡ್ ಎರಡನೆಯದು. ಐರ್ಲೆಂಡಿಗೆ ರೋಯಿಂಗ್‌ನಲ್ಲಿ ಸಿಕ್ಕ ಮೊಟ್ಟಮೊದಲ ಒಲಿಂಪಿಕ್ ಪದಕ ಆ ಬೆಳ್ಳಿ.

ಆ ದಿನಗಳಲ್ಲಿ ಸ್ಕಿಬರೀನ್ ಬೇರೆ ಮಾತಾಡಲಿಲ್ಲ. ಅಂಗಡಿಗಳ ಮುಂದೆ ಸೋದರರ ಹೆಸರಿನ ಫಲಕಗಳು ಎದ್ದವು. ಓಟದ ಹೊತ್ತಿಗೆ ಊರವರು ಒಟ್ಟಾಗಿ ಟಿ.ವಿ. ಪರದೆಯ ಮುಂದೆ ಸೇರಿದರು. ಗೆಲುವಿನ ಗುಟ್ಟೇನೆಂದು ಕೇಳಿದಾಗ, ಒಂದು ಜಾಗದಿಂದ ಇನ್ನೊಂದಕ್ಕೆ ಬೇಗ ಹೋಗಬೇಕು, ಕಣ್ಣು ಮುಚ್ಚಿ ನಾಯಿ ಎಳೆದ ಹಾಗೆ ಎಳೆಯಬೇಕು ಎಂದು ಸೋದರರು ಕೊಡುತ್ತಿದ್ದ ಉತ್ತರ ಪಶ್ಚಿಮ ಕಾರ್ಕ್‌ನ ಮಾತಿನ ಧಾಟಿಯದು. ಅದು ದೇಶದಾಚೆಗೂ ಹರಡಿ, ಅಂಗಿಗಳ ಮೇಲೂ ಅಚ್ಚಾಯಿತು. ಆಗಸ್ಟ್ ಕೊನೆಯಲ್ಲಿ ಇಬ್ಬರೂ ಊರಿಗೆ ಮರಳಿದಾಗ ಪೇಟೆಯ ಬೀದಿಗಳಲ್ಲಿ ಸಾವಿರಾರು ಜನ ಕಿಕ್ಕಿರಿದು ಸ್ವಾಗತಿಸಿದರು. ಕ್ಲಬ್ಬಿಗೆ ಸೇರಲು ಬರುವ ಮಕ್ಕಳ ಸಂಖ್ಯೆಯೂ ಏರಿತು.

ಕ್ಲಬ್ಬಿನ ಬೆಂಬಲ ಮೆರವಣಿಗೆಯ ದಿನಕ್ಕಷ್ಟೇ ಸೀಮಿತವಾದದ್ದಲ್ಲ. ರಾಷ್ಟ್ರೀಯ ತಂಡಕ್ಕೆ ಆಯ್ಕೆಯಾದವರ ಖರ್ಚು, ತರಬೇತಿಗಳನ್ನು ರೋಯಿಂಗ್ ಐರ್ಲೆಂಡ್ ಸಂಸ್ಥೆಯೂ ಸರ್ಕಾರದ ಕ್ರೀಡಾ ಅನುದಾನವೂ ನೋಡಿಕೊಳ್ಳುತ್ತವೆ. ಅವರ ಅಭ್ಯಾಸ ಕಾರ್ಕ್ ಬಳಿಯ ಇನಿಸ್ಕಾರಾದಲ್ಲಿರುವ ರಾಷ್ಟ್ರೀಯ ಕೇಂದ್ರದಲ್ಲಿ ನಡೆಯುತ್ತದೆ. ಆದರೆ ಆಯ್ಕೆಯಾಗುವ ಮಟ್ಟಕ್ಕೆ ಮುಟ್ಟುವವರೆಗಿನ ವರ್ಷಗಳೆಲ್ಲ ಕ್ಲಬ್ಬಿನವು. ನದಿಯ ಉಬ್ಬರವಿಳಿತ ನೋಡಿ ಹೊತ್ತು ಗೊತ್ತುಮಾಡುವುದು, ದೋಣಿಗಳನ್ನು ಸರಿಪಡಿಸುವುದು, ಟ್ರೇಲರ್‌ಗೆ ಹೇರಿ ದೂರದ ಪಂದ್ಯಗಳಿಗೆ ಒಯ್ಯುವುದು, ಹಣ ಕೂಡಿಸುವುದು, ಇವೆಲ್ಲ ಸ್ವಯಂಸೇವಕರ, ತಂದೆತಾಯಿಗಳ ಪಾಲು. ಪದಕ ಗೆದ್ದವರೂ ಹೊಸಬರೂ ಒಂದೇ ದೋಣಿಮನೆಯವರು ಎಂಬುದು ಮಕ್ಕಳಿಗೆ ಯಾವ ಉಪದೇಶಕ್ಕಿಂತ ದೊಡ್ಡ ಪಾಠ.

ಪಾಲ್ 2016 ಮತ್ತು 2017ರಲ್ಲಿ ಲೈಟ್‌ವೇಟ್ ಸಿಂಗಲ್ ಸ್ಕಲ್ಸ್‌ನಲ್ಲಿ ವಿಶ್ವ ಚಾಂಪಿಯನ್ ಆದರು. 2018ರಲ್ಲಿ ಸೋದರರು ಕೂಡಿ ಡಬಲ್ಸ್ ಗೆದ್ದರು. ಆಮೇಲೆ ಆ ದೋಣಿಯಲ್ಲಿ ಗ್ಯಾರಿಯ ಜಾಗಕ್ಕೆ ಬಂದವರು ಇದೇ ಕ್ಲಬ್ಬಿನ, ಇದೇ ಸೀಮೆಯ ಫಿಂಟನ್ ಮೆಕಾರ್ತಿ. 2019ರಲ್ಲಿ ವಿಶ್ವ ಪ್ರಶಸ್ತಿ ಗೆದ್ದ ಈ ಜೋಡಿ 2021ರ ಜುಲೈ 29ರಂದು ಟೋಕಿಯೊದಲ್ಲಿ ಜರ್ಮನಿಯನ್ನು ಹಿಂದೆ ಹಾಕಿ ಚಿನ್ನ ಗೆದ್ದಿತು. ಅದು ಐರ್ಲೆಂಡಿನ ರೋಯಿಂಗ್‌ಗೆ ಮೊದಲ ಒಲಿಂಪಿಕ್ ಚಿನ್ನ. ಕೋವಿಡ್ ಕಾರಣ ಮನೆಯವರಿಗೂ ಜಪಾನಿಗೆ ಹೋಗಲಾಗಲಿಲ್ಲ. ಐರ್ಲೆಂಡಿನಲ್ಲಿ ಆಗ ನಡುರಾತ್ರಿ ಕಳೆದ ಹೊತ್ತು. ಊರವರು ನಿದ್ದೆಗೆಟ್ಟು ಓಟ ನೋಡಿದರು.

ಅದಕ್ಕೆ ಹಿಂದಿನ ದಿನವೇ ಊರಿಗೆ ಇನ್ನೊಂದು ಪದಕ ಸಂದಿತ್ತು. ಮಹಿಳೆಯರ ನಾಲ್ವರ ದೋಣಿ ಕಂಚು ಗೆದ್ದಾಗ ಅದರಲ್ಲಿ ಸ್ಕಿಬರೀನ್‌ನ ಎಮಿಲಿ ಹೆಗರ್ಟಿ ಇದ್ದರು. ಡಾಮಿನಿಕ್ ಕೇಸಿಯವರ ಮಗಳು ಈಫಾ ಕೇಸಿ ಕೂಡ ಟೋಕಿಯೊದಲ್ಲಿ ಸ್ಪರ್ಧಿಸಿ, ಪ್ಯಾರಿಸ್‌ನಲ್ಲಿ ಮಾರ್ಗರೆಟ್ ಕ್ರೆಮಿನ್ ಜೊತೆ ಲೈಟ್‌ವೇಟ್ ಡಬಲ್ ಸ್ಕಲ್ಸ್‌ನಲ್ಲಿ ಐದನೆಯ ಸ್ಥಾನ ಪಡೆದರು.

2024ರ ಆಗಸ್ಟ್ 2ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪಾಲ್ ಮತ್ತು ಫಿಂಟನ್ ಚಿನ್ನವನ್ನು ಉಳಿಸಿಕೊಂಡರು. ಮೂರು ಬೇರೆ ಬೇರೆ ಒಲಿಂಪಿಕ್ಸ್‌ಗಳಲ್ಲಿ ಪದಕ ಗೆದ್ದ ಮೊದಲ ಐರಿಷ್ ಕ್ರೀಡಾಪಟು ಎಂಬ ಹಿರಿಮೆ ಪಾಲ್‌ಗೆ ಸಂದಿತು. ಆಟದ ನಡುವೆಯೇ ಅವರು ಮೊದಲು ಫಿಸಿಯೋಥೆರಪಿ, ಬಳಿಕ ವೈದ್ಯಶಾಸ್ತ್ರ ಓದಿದರು. ಪ್ಯಾರಿಸ್ ಮುಗಿಯುವುದರೊಂದಿಗೆ ಒಲಿಂಪಿಕ್ಸ್‌ನಲ್ಲಿ ಲೈಟ್‌ವೇಟ್ ವಿಭಾಗವೂ ಕೊನೆಗೊಂಡಿತು. 2028ರ ಲಾಸ್ ಏಂಜಲೀಸ್ ಕೂಟದಲ್ಲಿ ಅದಿಲ್ಲ. ಕಡಲತೀರದ ರೋಯಿಂಗ್ ಹೊಸದಾಗಿ ಸೇರಿದೆ. ಸ್ಕಿಬರೀನ್‌ನ ಮುಂದಿನ ಹುಟ್ಟುಗಾರರು ತೂಕದ ಮಿತಿಯಿಲ್ಲದ ದೋಣಿಗಳಲ್ಲಿ, ಇಲ್ಲವೇ ಕಡಲ ಅಲೆಗಳ ಮೇಲೆ ದಾರಿ ಹುಡುಕಬೇಕಾಗಿದೆ.

ಈ ಊರಿನ ನೀರಿನಲ್ಲೇ ಏನೋ ಇದೆ ಎಂದು ಹೊರಗಿನವರು ಹೇಳುವುದುಂಟು. ನದಿ ಹಳೆಯದು, ಪದಕಗಳು ಹೊಸವು. ನಡುವೆ ಇರುವುದು ಅರ್ಧ ಶತಮಾನ ಬಿಡದೆ ನಡೆದ ಕ್ಲಬ್ಬಿನ ಕೆಲಸ. ಪ್ಯಾರಿಸ್‌ವರೆಗೆ ಐರ್ಲೆಂಡ್ ರೋಯಿಂಗ್‌ನಲ್ಲಿ ಗೆದ್ದ ಒಲಿಂಪಿಕ್ ಪದಕಗಳು ಒಟ್ಟು ಐದು. ಅವುಗಳಲ್ಲಿ ನಾಲ್ಕನ್ನು ತಂದ ದೋಣಿಗಳಲ್ಲಿ ಸ್ಕಿಬರೀನ್ ಕ್ಲಬ್ಬಿನವರಿದ್ದರು.