ರಘು ದೀಕ್ಷಿತ್‌ರ ಮೊದಲ ಸ್ವಂತ ಆಲ್ಬಂ

‘ಅಂತರಾಗ್ನಿ’ ರಾಕ್ ಬ್ಯಾಂಡ್ ಚದುರಿದ ಮೇಲೆ ಅದರ ಗಾಯಕ, ಗಿಟಾರ್ ವಾದಕ ರಘು ದೀಕ್ಷಿತ್ ಸ್ವಂತ ಹೆಸರಿನಲ್ಲಿ 2008ರಲ್ಲಿ ತಂದ ಧ್ವನಿಮುದ್ರಿಕೆ. ಹೊರತಂದದ್ದು ಹಿಂದಿ ಚಿತ್ರಸಂಗೀತದ ಜೋಡಿ ವಿಶಾಲ್–ಶೇಖರ್‌ರ ಸಂಸ್ಥೆ. ಕನ್ನಡ, ಹಿಂದಿ, ಇಂಗ್ಲಿಷ್ ಹಾಡುಗಳು ಇದರಲ್ಲಿ ಬೆರೆತಿವೆ. ಆದರೆ ಆಲ್ಬಂನ ಜೀವಾಳ ಶಿಶುನಾಳ ಶರೀಫರ (1819–1889) ಎರಡು ತತ್ವಪದಗಳೇ: ‘ಸೋರುತಿಹುದು ಮನೆಯ ಮಾಳಿಗಿ’, ‘ಗುಡುಗುಡಿಯ ಸೇದಿ ನೋಡೊ’. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಭಜನೆಗಳಲ್ಲಿ ಏಕತಾರಿ, ತಾಳ, ದಮ್ಮಡಿಗಳೊಡನೆ ತತ್ವಪದ ಕೇಳಿ ಬೆಳೆದ ಕಿವಿಗೆ ಈ ಗಿಟಾರಿನ ಓಟ ತುಸು ಅವಸರದ್ದೆನಿಸೀತು. ಪದದ ಕಸುವು ಮಾತ್ರ ಕುಂದಿಲ್ಲ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ ದೀಕ್ಷಿತ್‌ಗೆ 2011ರಲ್ಲಿ ಬ್ರಿಟನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಕಲಾವಿದ ಪ್ರಶಸ್ತಿ ಸಂದಿತು. ಮುಂದಿನ ಆಲ್ಬಂ ‘ಜಗ್ ಚಂಗಾ’ 2013ರಲ್ಲಿ ಬಂತು.